ರವಿವಾರ ಭಟ್ಟಿ ಮುಚ್ಚಿಯೂ ಬೇಕರಿ ನಡೆಸಿದ್ದು: ನನ್ನ ಅನುಭವ

ಕಾರವಾರದ ಸಂತೆ ರವಿವಾರ. ನಾನು ಕಥೋಲಿಕ, ರವಿವಾರ ನಮಗೆ ಚರ್ಚಿನ ಪೂಜೆ (ಮಾಸ್) ಮತ್ತು ವಿಶ್ರಾಂತಿಯ ದಿನ. ಆ ದಿನ ಬೇಕರಿ ಬಾಗಿಲು ಹಾಕಿದರೆ ಆರು ತಿಂಗಳೂ ನಡೆಯಲ್ಲ ಅಂತ ನಮ್ಮ ಕಸುಬಿನವರೇ ಹೇಳಿದ್ದರು. ಈಗ ಐದಾರು ವರ್ಷ ಆಯ್ತು. ಬೇಕರಿ ನಡೀತಾ ಇದೆ, ಮಶಿನ್ ಸಾಲ ತೀರಿದೆ, ರವಿವಾರ ಶಟರ್ ಕೆಳಗೇ ಇದೆ. ಹೇಗೆ ಅಂತ ಕೇಳೋರು ಈಗ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಹಿಟ್ಟು, ಈಸ್ಟ್, ಭಟ್ಟಿ (ಪಾವ್ ಬೇಯಿಸುವ ಕಟ್ಟಿಗೆ ಒಲೆ) ಇವುಗಳ ಮೂಲಪಾಠ ಬೇಕರಿಯವರಿಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ರವಿವಾರ ಮುಚ್ಚೋದು ಕಷ್ಟ ಅಲ್ಲ. ಕಷ್ಟ ಇರೋದು ಸೋಮವಾರದ ಪಾವಿನಲ್ಲಿ. ಬೆಳಿಗ್ಗೆ ಐದಕ್ಕೆ ಪಾವ್ ಕೊಡಬೇಕು ಅಂದರೆ ಹಿಂದಿನ ರಾತ್ರಿಯೇ ಹಿಟ್ಟು ಕಲಸಬೇಕು, ಭಟ್ಟಿ ಕಾಯಬೇಕು. ಮಧ್ಯರಾತ್ರಿವರೆಗೆ ಏನೂ ಮುಟ್ಟಲ್ಲ ಅಂದರೆ ಸೋಮವಾರದ ಪಾವ್ ಎಂಟೂವರೆ ಒಂಬತ್ತಕ್ಕೆ. ಶುರುವಿನಲ್ಲಿ ಹಾಗೇ ನಡೆಸಿದೆ. ದಿನಾ ಐನೂರರ ಹತ್ತಿರ ಪಾವ್ ತಗೊಳ್ತಿದ್ದ ಒಂದು ಹೋಟೆಲ್ ಒಂದೇ ತಿಂಗಳಲ್ಲಿ ಕೈ ಬಿಟ್ಟಿತು. ಆಮೇಲೆ ಶನಿವಾರವೇ ಹಿಟ್ಟು ಕಲಸಿ ಫ್ರಿಜ್‌ನಲ್ಲಿ ಇಟ್ಟು ನೋಡಿದೆ. ಮಳೆಗಾಲ, ಕರೆಂಟ್ ಹೋಯ್ತು, ಹಿಟ್ಟು ಉಕ್ಕಿ ಹುಳಿ ಬಂತು. ಅರ್ಧ ಮೂಟೆ ಮೈದಾ ಹಾಳು. ಈಸ್ಟ್ ಕಡಿಮೆ ಮಾಡಿದೆ. ಹುಳಿ ಹೋಯ್ತು, ಆದರೆ ಪಾವ್ ಉಬ್ಬಲಿಲ್ಲ.

ದಾರಿ ಸಿಕ್ಕಿದ್ದು ಬೈಬಲಿನ ನೆಹೆಮೀಯನ ಗ್ರಂಥದ 13ನೇ ಅಧ್ಯಾಯದಲ್ಲಿ. ತೂರ್ ಅನ್ನೋ ಊರಿನ ವ್ಯಾಪಾರಿಗಳು ಸಬ್ಬತ್ ದಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನ, ಜೆರುಸಲೇಮಿಗೆ ಮೀನು ತಂದು ಮಾರುತ್ತಿದ್ದರು. ನಮ್ಮ ರವಿವಾರದ ಮೀನು ಮಾರ್ಕೆಟ್ಟೇ ಅಲ್ವಾ? ಅಲ್ಲಿನ ಅಧಿಪತಿ ನೆಹೆಮೀಯ ಏನು ಮಾಡಿದ ಅಂದರೆ, ಸಬ್ಬತ್ತಿನ ಹಿಂದಿನ ಸಂಜೆ ಕತ್ತಲಾಗುತ್ತಿದ್ದಂತೆ ಊರ ಬಾಗಿಲು ಹಾಕಿಸಿದ. ಯೆಹೂದಿಗಳ ಸಬ್ಬತ್ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ. ನಮ್ಮ ಕಥೋಲಿಕ ಸಭೆಯಲ್ಲೂ ರವಿವಾರದ ಪೂಜೆ ಶನಿವಾರ ಸಂಜೆಯಿಂದಲೇ ಶುರು. ಹಾಗಾದರೆ ನನ್ನ ವಿಶ್ರಾಂತಿಯೂ ಸಂಜೆಯಿಂದ ಸಂಜೆಗೆ ಇರಲಿ ಅಂತ ನಿರ್ಧರಿಸಿದೆ. ಶನಿವಾರ ಆರಕ್ಕೆ ಶಟರ್ ಕೆಳಗೆ. ರವಿವಾರ ಏಳು ದಾಟಿದ ಮೇಲೆ ಹಿಟ್ಟಿಗೆ ಕೈ. ಸೋಮವಾರ ಐದಕ್ಕೆ ಪಾವ್ ಬಿಸಿಬಿಸಿ ಹೊರಗೆ.

ಶನಿವಾರ ಸಂಜೆಯ ಪೂಜೆಗೆ ಹೋಗಿ ರವಿವಾರ ಇಡೀ ದಿನ ಅಂಗಡಿ ತೆಗೆಯೋ ಗೆಳೆಯರಿದ್ದಾರೆ. ಪೂಜೆಯ ಮಟ್ಟಿಗೆ ಅದು ಸರಿ. ಆದರೆ ಪೂಜೆ ಒಂದು, ವಿಶ್ರಾಂತಿ ಇನ್ನೊಂದು. ಒಂದು ಮಾಡಿ ಇನ್ನೊಂದನ್ನು ಬಿಟ್ಟರೆ ದಿನ ಅರ್ಧಕ್ಕೇ ನಿಲ್ಲುತ್ತೆ ಅನ್ನೋದು ನನ್ನ ಅಭಿಪ್ರಾಯ.

ಈಗ ದುಡ್ಡಿನ ವಿಷಯ. ರವಿವಾರದ ವ್ಯಾಪಾರ ಹೆಚ್ಚುಕಡಿಮೆ 12 ಸಾವಿರ ಇತ್ತು, ಉಳಿದ ದಿನ ಏಳೆಂಟು. ಖರ್ಚು ಕಳೆದು ನೋಡಿದರೆ ತಿಂಗಳಿಗೆ ಸುಮಾರು 12 ಸಾವಿರ ಲಾಭ ಹೋಯ್ತು. ಮೂವರು ಕೆಲಸದವರಿಗೆ ರವಿವಾರದ ಪಗಾರವನ್ನೂ ಕೊಡುತ್ತೇನೆ, ಅದು ಏಳು ಸಾವಿರ. ಪಗಾರ ಯಾಕೆ ಅಂತ ಮನೆಯಲ್ಲೂ ಕೇಳಿದರು. ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯ ತೆಗೆದು ನೋಡಿ. ನೀನಷ್ಟೇ ಅಲ್ಲ, ನಿನ್ನ ಆಳುಗಳೂ, ನಿನ್ನ ಊರಲ್ಲಿರುವ ಪರದೇಶಿಯೂ ಕೆಲಸ ಮಾಡಬಾರದು ಅಂತಿದೆ. ಅವರ ಕೂಲಿ ಕತ್ತರಿಸಿದರೆ ಅದು ವಿಶ್ರಾಂತಿ ಹೇಗಾಗುತ್ತೆ? ಮೂವರಲ್ಲಿ ಇಬ್ಬರು ಹಿಂದೂಗಳು. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಬಂದರೆ ಅವರಿಗೆ ಅದಕ್ಕೂ ರಜೆ. ಹುಡುಗರು ಬಿಟ್ಟು ಹೋಗೋದು ನಿಂತಿದೆ. ಬೇಕರಿ ನಡೆಸೋರಿಗೆ ಅದರ ಬೆಲೆ ಗೊತ್ತು.

ಹೋದ ದುಡ್ಡು ಶನಿವಾರ ವಾಪಸ್ ಬಂತು. ವಿಮೋಚನಕಾಂಡ 16ರಲ್ಲಿ ಇಸ್ರಾಯೇಲರು ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ ಮನ್ನಾವನ್ನು ಆರನೇ ದಿನ ಎರಡರಷ್ಟು ಕೂಡಿಸುತ್ತಿದ್ದರು, ಮರುದಿನಕ್ಕೆ ಅದು ಕೆಡುತ್ತಿರಲಿಲ್ಲ. ನಾನೂ ಶನಿವಾರ ಎರಡರಷ್ಟು ಬೇಯಿಸಲು ಶುರು ಮಾಡಿದೆ. ಆದರೆ ಜುಲೈನಲ್ಲಿ ನಮ್ಮ ಕರಾವಳಿಯ ಗಾಳಿಗೆ ಪಾವ್ ಮರುದಿನವೇ ಜಿಗುಟು. ಪೂರ್ತಿ ಆರುವ ಮೊದಲು ಪ್ಲಾಸ್ಟಿಕ್‌ಗೆ ತುಂಬಬೇಡಿ. ಶನಿವಾರದ ಹಿಟ್ಟಿಗೆ ಏನು ಸೇರಿಸುತ್ತೇನೆ ಅನ್ನೋದು ಮಾತ್ರ ನಮ್ಮ ಭಟ್ಟಿಯಲ್ಲೇ ಇರಲಿ. ಪುಡಿ ರಾಸಾಯನಿಕ ಅಲ್ಲ, ಅಷ್ಟು ಹೇಳಬಲ್ಲೆ. ಈಗ ಶನಿವಾರ ಹದಿನೈದು ಹದಿನಾರು ಸಾವಿರ ಆಗುತ್ತೆ. ರವಿವಾರದ ಕೋಳಿ ಸಾರಿಗೆ ಪಾವ್ ಶನಿವಾರವೇ ಒಯ್ಯೋದು ಗಿರಾಕಿಗಳಿಗೆ ರೂಢಿಯಾಗಿದೆ.

ಭಟ್ಟಿ ತಣ್ಣಗಾಗೋದು ಇನ್ನೊಂದು ತಲೆನೋವಾಗಿತ್ತು. ಒಂದು ದಿನ ಬಿಟ್ಟು ಹೊತ್ತಿಸಿದರೆ ಅಕೇಶಿಯಾ ಕಟ್ಟಿಗೆ 20–25 ಕಿಲೋ ಜಾಸ್ತಿ ತಿನ್ನುತ್ತಿತ್ತು. ಅಷ್ಟಾದರೂ ಮೊದಲ ಟ್ರೇ ತಳ ಕರಕಲು, ಮೇಲೆ ಬಿಳಿ. ಈಗ ಶನಿವಾರ ಕೊನೆಯ ಟ್ರೇ ತೆಗೆದ ಮೇಲೆ ಕೆಂಡ ಪೂರ್ತಿ ಎಳೆದು, ಬಾಯಿಗೆ ತಗಡು ಇಟ್ಟು, ಸುತ್ತ ಹಸಿ ಮಣ್ಣು ಮೆತ್ತುತ್ತೇನೆ, ಹೊಗೆಗೂಡೂ ಬಂದ್. ರವಿವಾರ ಸಂಜೆ ಮಣ್ಣು ಬಿಡಿಸಿ ಕೈ ಚಾಚಿದರೆ ಮೊಣಕೈವರೆಗೆ ಬಿಸಿ ಹೊಡೆಯುತ್ತೆ. ಅರ್ಧ ಕಟ್ಟಿಗೆ ಸಾಕು. ಅದೇ ಬಿಸಿಯಲ್ಲಿ ಶನಿವಾರ ರಾತ್ರಿ ಟೋಸ್ಟ್ ಒಳಗಿಟ್ಟು ನೋಡಿದ್ದೆ, ಚೆನ್ನಾಗಿ ಒಣಗಿತ್ತು. ಆದರೂ ಬಿಟ್ಟೆ. ನಾನು ಪೂಜೆಯಲ್ಲಿ ನಿಂತಾಗ ಭಟ್ಟಿ ನನಗಾಗಿ ದುಡಿಯೋದು ಬೇಡ ಅನ್ನಿಸಿತು.

ಯಾಜಕಕಾಂಡ 19ರಲ್ಲಿ ಸಬ್ಬತ್ ಆಚರಿಸಿ, ನನ್ನ ಆಲಯವನ್ನು ಗೌರವಿಸಿ ಅಂತ ಎರಡೂ ಒಂದೇ ವಚನದಲ್ಲಿವೆ. ಅಂಗಡಿ ಮುಚ್ಚಿ ವ್ಯಾಪಾರವನ್ನು ಇಗರ್ಜಿ (ಚರ್ಚ್) ಅಂಗಳಕ್ಕೆ ತಂದರೆ ಏನು ಬಂತು? ಪೂಜೆ ಮುಗಿಯುತ್ತಿದ್ದಂತೆ ಮೆಟ್ಟಿಲ ಮೇಲೇ ಬರ್ತ್‌ಡೇ ಕೇಕ್ ಆರ್ಡರ್ ಹೇಳೋರು ಸುಮಾರು ಜನ. "ಆಂಟಿ, ಇಲ್ಲಿ ಬೇಡ. ನಾಳೆ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿ" ಅನ್ನುತ್ತೇನೆ. ಒಂದಿಬ್ಬರು ಮುನಿಸಿಕೊಂಡು ಬೇರೆ ಕಡೆ ಹೋದರು. ಹೋಗಲಿ. ದೇವಾಲಯದ ಅಂಗಳದಲ್ಲಿ ಸಾಮಾನು ಹೊತ್ತು ದಾಟೋದಕ್ಕೂ ಯೇಸು ಬಿಡಲಿಲ್ಲ ಅಂತ ಮಾರ್ಕನು ತನ್ನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಫೋನ್ ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಸೈಲೆಂಟ್ ಮಾಡಿದರೂ ಜೇಬಿನಲ್ಲಿ ನಡುಗಿದರೆ ಮನಸ್ಸು ಅಲ್ಲೇ. ಡಿಸೆಂಬರ್ 3ಕ್ಕೆ ಚಂದಾವರ ಇಗರ್ಜಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ನಮ್ಮ ಬೇಕರಿಯ ಹಳಿಯಾಳದ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಯಾರೂ ಹೇಳದೆ ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ನಮ್ಮವರು ಕೆಲವರು ಒಳಗೆ ವಿಡಿಯೋ ತೆಗೀತಾ ಇದ್ದರು.

ಶುರು ಮಾಡೋರು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರಲ್ಲಿ ಶುರು ಮಾಡಿ. ಕ್ರಿಸ್ಮಸ್ ಹೊತ್ತಿಗೆ ಗಿರಾಕಿಗಳಿಗೆ ನಿಮ್ಮ ವಾರ ಗೊತ್ತಾಗಿರುತ್ತೆ. 2023ರಲ್ಲಿ ಡಿಸೆಂಬರ್ 24 ರವಿವಾರವೇ ಬಂದಿತ್ತು. ಆ ಸಲವಾದರೂ ತೆಗೀತೀಯ ಅಂತ ಎಲ್ಲರೂ ಕಾದಿದ್ದರು. ಪ್ಲಮ್ ಕೇಕ್ ಇಟ್ಟಷ್ಟೂ ರುಚಿ ಅಂತ ಹೇಳಿ, ನೂರೈವತ್ತು ಕಿಲೋ ಹತ್ತಿರ ಶನಿವಾರ ಆರರೊಳಗೆ ಮುಗಿಸಿದೆ. 2028ರಲ್ಲಿ ಮತ್ತೆ ಹಾಗೇ ಬರುತ್ತೆ. ಅಡ್ವಾನ್ಸ್ ಬುಕ್ಕಿಂಗ್ ಶುಕ್ರವಾರಕ್ಕೇ ಕೊನೆ.