ಗೂಗಲ್ ಡ್ರೈವ್‌ನಲ್ಲಿ ಕಾಣೆಯಾದ ಫೈಲ್ ಹುಡುಕುವುದು, ವಾಪಸ್ ತರುವುದು

ಮೊನ್ನೆ ಇದ್ದ ಫೈಲ್ ಇವತ್ತು ಡ್ರೈವ್‌ನಲ್ಲಿ ಕಾಣಿಸದಿದ್ದರೆ, ಅಳಿಸಿಹೋಯಿತು ಎಂದೇ ಮನಸ್ಸು ಮೊದಲು ಹೇಳುತ್ತದೆ. ಹೆಚ್ಚಿನ ಸಲ ಅದು ಅಳಿಸಿರುವುದಿಲ್ಲ. ಬೇರೆ ಖಾತೆಯಲ್ಲೋ ಬೇರೆ ಹೆಸರಿನಲ್ಲೋ ಇರುತ್ತದೆ, ಇಲ್ಲವೇ ಯಾವ ಫೋಲ್ಡರಿಗೂ ಸೇರದೆ ಉಳಿದಿರುತ್ತದೆ. ಹಾಗಿದ್ದರೂ ಮೊದಲು ತೆರೆಯಬೇಕಾದ್ದು ಟ್ರ್ಯಾಶ್. ಉಳಿದ ಕಡೆ ನಾಳೆ ಹುಡುಕಿದರೂ ನಡೆಯುತ್ತದೆ, ಟ್ರ್ಯಾಶ್‌ಗೆ ಮಾತ್ರ ದಿನದ ಲೆಕ್ಕವಿದೆ.

ಹುಡುಕಾಟ ಮುಗಿಯುವವರೆಗೆ ಮೂರು ಕೆಲಸ ಮಾಡಬೇಡಿ: ಟ್ರ್ಯಾಶ್ ಖಾಲಿ ಮಾಡಬೇಡಿ, ಕಂಪ್ಯೂಟರಿನ ಡ್ರೈವ್ ಆ್ಯಪ್‌ನಲ್ಲಿ ಖಾತೆಯನ್ನು ಡಿಸ್‌ಕನೆಕ್ಟ್ ಮಾಡಬೇಡಿ, ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಅಪ್‌ಲೋಡ್ ಆಗದೆ ಉಳಿದ ಫೈಲಿನ ಒಂದೇ ಒಂದು ಪ್ರತಿ ಆ ಆ್ಯಪ್‌ನ ಒಳಗಡೆ ಇರಬಹುದು.

ಟ್ರ್ಯಾಶ್

ಮೊಬೈಲಿಗಿಂತ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಡ್ರೈವ್ ತೆರೆಯುವುದು ಒಳ್ಳೆಯದು, ಮುಂದೆ ಹೇಳುವ ಕೆಲವು ಸೌಲಭ್ಯಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಎಡಗಡೆಯ ಪಟ್ಟಿಯಲ್ಲಿ ‘ಟ್ರ್ಯಾಶ್’ ಅಥವಾ ‘ಬಿನ್’ ಎಂದಿರುತ್ತದೆ. ಭಾಷೆಯ ಸೆಟ್ಟಿಂಗ್‌ಗೆ ತಕ್ಕಂತೆ ಹೆಸರು ಬದಲಾಗುತ್ತದೆ, ಜಾಗ ಒಂದೇ. ಫೈಲ್ ಅಲ್ಲಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್’ ಒತ್ತಿ. ಹಳೆಯ ಫೋಲ್ಡರ್ ಇನ್ನೂ ಇದ್ದರೆ ಫೈಲ್ ಅಲ್ಲಿಗೇ ಹೋಗುತ್ತದೆ.

2020ರ ಅಕ್ಟೋಬರ್ 13ರವರೆಗೆ ಟ್ರ್ಯಾಶ್‌ಗೆ ಹಾಕಿದ್ದು ನಾವೇ ಖಾಲಿ ಮಾಡುವ ತನಕ ಉಳಿಯುತ್ತಿತ್ತು. ಅಂದಿನಿಂದ 30 ದಿನ ದಾಟಿದ್ದು ತಾನಾಗಿ ಅಳಿಯುತ್ತದೆ. ಅಳಿಸಿ ಎಷ್ಟು ದಿನವಾಯಿತು ಎಂಬುದು ನೆನಪಿಲ್ಲದಿದ್ದರೆ ಇವತ್ತೇ ನೋಡಿ. ಇನ್ನೊಂದು ಮಾತು: ಒಂದೇ ಫೈಲನ್ನಲ್ಲದೆ ಇಡೀ ಫೋಲ್ಡರನ್ನೇ ಅಳಿಸಿದ್ದರೆ ಟ್ರ್ಯಾಶ್‌ನಲ್ಲಿ ಕಾಣುವುದು ಫೋಲ್ಡರಿನ ಹೆಸರು. ಫೈಲಿನ ಹೆಸರನ್ನು ಹುಡುಕುತ್ತ ಕಣ್ಣಾಡಿಸಿದರೆ ಅದು ಕಣ್ತಪ್ಪಿ ಹೋಗುತ್ತದೆ.

ಯಾವ ಖಾತೆ?

ಬಲಗಡೆ ಮೇಲಿನ ಮೂಲೆಯಲ್ಲಿರುವ ಚಿತ್ರವನ್ನು ಒತ್ತಿ, ಇಮೇಲ್ ವಿಳಾಸವನ್ನು ಅಕ್ಷರ ಬಿಡದೆ ಓದಿ. ಹೊಸ ಫೋನ್ ಕೊಂಡಾಗ ಅಂಗಡಿಯವರೇ ಮಾಡಿಕೊಟ್ಟ ಜಿಮೇಲ್, ಕಾಲೇಜಿನ ಖಾತೆ, ಆಫೀಸಿನ ಖಾತೆ, ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ತೆರೆದದ್ದು ಹೀಗೆ ಒಂದೇ ಫೋನಿನಲ್ಲಿ ಮೂರು ನಾಲ್ಕು ಖಾತೆ ಇರುವುದು ಈಗ ಮಾಮೂಲು. ಸ್ಕ್ಯಾನ್ ಮಾಡಿದ್ದು ಯಾವ ಖಾತೆ ತೆರೆದಿತ್ತೋ ಅದಕ್ಕೆ ಹೋಗಿರುತ್ತದೆ. ಪ್ರತಿ ಖಾತೆಯಲ್ಲೂ ಒಮ್ಮೆ ಹುಡುಕಿ. ಹಳೆಯ ಫೋನ್ ಮನೆಯಲ್ಲಿದ್ದರೆ ಅದರಲ್ಲಿ ಯಾವ ವಿಳಾಸ ಇದೆ ನೋಡಿ.

ಕನ್ನಡದ ಫೈಲ್ ಹುಡುಕುವಾಗ

ಇಲ್ಲಿ ನಮಗೇ ವಿಶೇಷವಾದ ತೊಡಕುಗಳಿವೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಅಕ್ಷರಶೈಲಿ ಬಳಸಿ ಟೈಪ್ ಮಾಡಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಈಗ ಫೋನು, ಬ್ರೌಸರ್‌ಗಳಲ್ಲಿ ಬಳಸುವ ಯೂನಿಕೋಡ್ ಕನ್ನಡದಲ್ಲಿ ‘ಅರ್ಜಿ’ ಎಂದು ಹುಡುಕಿದರೆ ಆ ಕಡತದೊಳಗಿನ ‘ಅರ್ಜಿ’ ಸಿಗುವುದಿಲ್ಲ. ಅಂಥದ್ದನ್ನು ಫೈಲಿನ ಹೆಸರಿನಿಂದ, ತಾರೀಖಿನಿಂದ ಅಥವಾ ಒಳಗಿರುವ ಸರ್ವೆ ನಂಬರಿನಂಥ ಅಂಕಿಯಿಂದ ಹುಡುಕಬೇಕು.

ಎರಡನೆಯದು, ನಾವು ಪದಗಳನ್ನು ಕೂಡಿಸಿ ಬರೆಯುತ್ತೇವೆ. ಫೈಲಿನ ಹೆಸರು ‘ಕ್ರಯಪತ್ರ’ ಎಂದಿದ್ದರೆ ‘ಪತ್ರ’ ಎಂದು ಹುಡುಕಿದಾಗ ಬರದೇ ಇರಬಹುದು. ಪದದ ಮೊದಲ ಭಾಗವನ್ನೇ ಹಾಕಿ. ಪಹಣಿಯನ್ನು ಕನ್ನಡದಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ಆರ್‌ಟಿಸಿ ಎಂದು, ಹೀಗೆ ಮೂರು ಬಗೆಯಲ್ಲೂ ಹುಡುಕಿ.

ಮೂರನೆಯದು, ಹೆಸರನ್ನು ನೀವು ಇಟ್ಟೇ ಇರಲಿಕ್ಕಿಲ್ಲ. ವಾಟ್ಸ್ಆ್ಯಪ್‌ನಿಂದ ಉಳಿಸಿದ ಕಡತದ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನ ಡಿ, ಒ, ಸಿ ಅಕ್ಷರಗಳಿಂದ ಆರಂಭವಾಗಿ, ನಂತರ ವರ್ಷ, ತಿಂಗಳು, ದಿನ ಸೇರಿದ ಎಂಟು ಅಂಕಿ ಇರುತ್ತದೆ. ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ ಹೆಸರು ಬದಲಿಸದಿದ್ದರೆ ಅದು ‘ಸ್ಕ್ಯಾನ್ಡ್’ ಎಂದು ಶುರುವಾಗಿರುವ ಸಾಧ್ಯತೆ ಹೆಚ್ಚು.

ಹೆಸರೇ ನೆನಪಿಲ್ಲವೆಂದರೆ ಎಡಪಟ್ಟಿಯ ‘ಸ್ಟೋರೇಜ್’ ಒತ್ತಿ. ಯಾವ ಫೋಲ್ಡರಿನಲ್ಲೇ ಇರಲಿ, ಜಾಗ ಹಿಡಿದಿರುವ ನಿಮ್ಮ ಫೈಲುಗಳೆಲ್ಲ ದೊಡ್ಡದರಿಂದ ಚಿಕ್ಕದರ ಕ್ರಮದಲ್ಲಿ ಒಂದೇ ಪಟ್ಟಿಯಾಗಿ ಬರುತ್ತವೆ. ವಿಡಿಯೊ, ದೊಡ್ಡ ಪಿಡಿಎಫ್ ಹುಡುಕಲು ಇದಕ್ಕಿಂತ ಬೇಗದ ದಾರಿಯಿಲ್ಲ.

ಎಡಪಟ್ಟಿಯಲ್ಲೇ ‘ಕಂಪ್ಯೂಟರ್ಸ್’ ಎಂಬುದೂ ಇದೆ. ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಡ್ರೈವ್‌ಗೆ ಜೋಡಿಸಿದ್ದರೆ ಅವು ಇರುವುದು ಇಲ್ಲಿ. ‘ಮೈ ಡ್ರೈವ್’ನಲ್ಲಿ ಎಷ್ಟು ತಡಕಾಡಿದರೂ ಕಾಣುವುದಿಲ್ಲ.

ಹಂಚಿಕೊಂಡ ಫೋಲ್ಡರಿನಿಂದ ಮಾಯವಾದರೆ

ಎಲ್ಲಕ್ಕಿಂತ ಗೊಂದಲ ಹುಟ್ಟಿಸುವುದು ಇದೇ. ಡ್ರೈವ್‌ನಲ್ಲಿ ಫೋಲ್ಡರಿಗೊಬ್ಬ ಒಡೆಯ, ಅದರೊಳಗಿನ ಫೈಲಿಗೆ ಇನ್ನೊಬ್ಬ ಒಡೆಯ ಇರಬಹುದು. ಫೈಲನ್ನು ಪೂರ್ತಿ ಅಳಿಸುವ ಹಕ್ಕು ಫೈಲಿನ ಒಡೆಯನಿಗೆ ಮಾತ್ರ. ಅಣ್ಣ ತೆರೆದ ಫೋಲ್ಡರಿಗೆ ನೀವು ಫೈಲ್ ಹಾಕಿದ್ದು, ಅವರು ಫೋಲ್ಡರನ್ನೇ ಅಳಿಸಿದರು ಎಂದುಕೊಳ್ಳಿ. ನಿಮ್ಮ ಫೈಲ್ ಅಳಿಯುವುದಿಲ್ಲ; ಅದು ನಿಮ್ಮ ‘ಮೈ ಡ್ರೈವ್’ಗೆ ಬಂದಿರುತ್ತದೆ, ಇಲ್ಲವೇ ಯಾವ ಫೋಲ್ಡರೂ ಇಲ್ಲದೆ ಅನಾಥವಾಗಿರುತ್ತದೆ.

ಅನಾಥ ಫೈಲುಗಳನ್ನು ಕರೆಯಲು ಹುಡುಕು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: is:unorganized owner:me (ಈಸ್:ಅನ್‌ಆರ್ಗನೈಸ್ಡ್ ಓನರ್:ಮಿ). ಕೋಲನ್ನಿನ ಹಿಂದೆ ಮುಂದೆ ಜಾಗ ಬಿಡಬಾರದು, ಎರಡು ಜೋಡಿಗಳ ನಡುವೆ ಒಂದು ಜಾಗ ಬೇಕು. ಅನ್‌ಆರ್ಗನೈಸ್ಡ್ ಪದದಲ್ಲಿ ಎಸ್ ಬದಲು ಝಡ್ ಇರಬೇಕು, ನಮ್ಮ ಶಾಲೆಯ ಸ್ಪೆಲಿಂಗ್ ಹಾಕಿದರೆ ಕೆಲಸ ಮಾಡುವುದಿಲ್ಲ. ಸಿಕ್ಕ ಫೈಲನ್ನು ಕೂಡಲೇ ನಿಮ್ಮದೇ ಒಂದು ಫೋಲ್ಡರಿಗೆ ಸರಿಸಿ.

ಫೈಲ್ ಬೇರೆಯವರದ್ದಾಗಿದ್ದು ಅವರು ಅಳಿಸಿದ್ದರೆ ನಿಮ್ಮ ಟ್ರ್ಯಾಶ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವರಿಗೇ ಫೋನ್ ಮಾಡಿ, ಅವರ ಟ್ರ್ಯಾಶ್‌ನಿಂದ ರಿಸ್ಟೋರ್ ಮಾಡಿಸಿ. ಅಲ್ಲೂ ಅದೇ 30 ದಿನ.

ಯಾರು ಏನು ಮಾಡಿದರು ಎಂಬುದು ತಿಳಿಯಲು ‘ಮೈ ಡ್ರೈವ್’ ತೆರೆದು, ಬಲಗಡೆ ಮೇಲೆ ವೃತ್ತದೊಳಗಿನ ‘ಐ’ ಗುರುತನ್ನು ಒತ್ತಿ ‘ಆ್ಯಕ್ಟಿವಿಟಿ’ಗೆ ಹೋಗಿ. ಸರಿಸಿದ್ದು, ಹೆಸರು ಬದಲಿಸಿದ್ದು, ತೆಗೆದದ್ದು ತಾರೀಖಿನ ಸಮೇತ ಇರುತ್ತದೆ. ಯಾರ ಮೇಲಾದರೂ ಅನುಮಾನ ಪಡುವ ಮುನ್ನ ಇದನ್ನೊಮ್ಮೆ ಓದಿ.

ಕಂಪ್ಯೂಟರಿನ ಆ್ಯಪ್ ಬಳಸುವವರಿಗೆ

‘ಡ್ರೈವ್ ಫಾರ್ ಡೆಸ್ಕ್‌ಟಾಪ್’ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ: ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಡ್ರೈವ್‌ನಿಂದಲೂ ಹೋಗುತ್ತದೆ. ಹಾಗಾದಾಗ ಡ್ರೈವ್‌ನ ಟ್ರ್ಯಾಶ್ ಜೊತೆಗೆ ವಿಂಡೋಸ್‌ನ ರಿಸೈಕಲ್ ಬಿನ್ ಕೂಡ ನೋಡಿ.

ಅಪ್‌ಲೋಡ್ ಆಗದೆ ಸಿಕ್ಕಿಹಾಕಿಕೊಂಡ ಫೈಲುಗಳನ್ನು ಆ್ಯಪ್ ತನ್ನದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ಗೂಗಲ್, ಡ್ರೈವ್‌ಎಫ್‌ಎಸ್ ಎಂಬ ಕ್ರಮದಲ್ಲಿ ಒಳಗೆ ಹೋಗಿ. ಅಲ್ಲಿ ಬರೀ ಅಂಕಿಗಳ ಹೆಸರಿರುವ ಫೋಲ್ಡರಿನೊಳಗೆ ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬುದಿದ್ದರೆ ತೆರೆದು ನೋಡಿ. ಆಪ್‌ಡೇಟಾ ಕಾಣಿಸದಿದ್ದರೆ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಬೇಕು. ಏನನ್ನಾದರೂ ಮುಟ್ಟುವ ಮೊದಲು ಇಡೀ ಡ್ರೈವ್‌ಎಫ್‌ಎಸ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ.

2023ರ ನವೆಂಬರಿನಲ್ಲಿ ಈ ಆ್ಯಪ್‌ನ 84ನೆಯ ಆವೃತ್ತಿಯಲ್ಲಿ ಫೈಲುಗಳು ಕಾಣೆಯಾದಾಗ ಖಾತೆ ಡಿಸ್‌ಕನೆಕ್ಟ್ ಮಾಡಬೇಡಿ, ಈ ಫೋಲ್ಡರನ್ನು ಅಳಿಸಬೇಡಿ ಎಂದೇ ಗೂಗಲ್ ಹೇಳಿತ್ತು. ಆಮೇಲೆ ಬಂದ 85.0.13.0 ಆವೃತ್ತಿಯಲ್ಲಿ ಮರಳಿ ಪಡೆಯುವ ದಾರಿ ಸೇರಿಸಿತು: ಶಿಫ್ಟ್ ಕೀ ಒತ್ತಿಹಿಡಿದು ಆ್ಯಪ್‌ನ ಸೆಟ್ಟಿಂಗ್ಸ್ ಚಕ್ರವನ್ನು ಒತ್ತಿದರೆ ‘ರಿಕವರ್ ಫ್ರಮ್ ಬ್ಯಾಕಪ್ಸ್’ ಬರುತ್ತದೆ.

ಫೈಲ್ ಇದೆ, ಒಳಗಿನದು ಹೋಗಿದೆ

ಗೂಗಲ್ ಡಾಕ್ಸ್, ಶೀಟ್ಸ್ ಆದರೆ ‘ಫೈಲ್’ ಮೆನುವಿನ ‘ವರ್ಷನ್ ಹಿಸ್ಟರಿ’ಯಲ್ಲಿ ಹಳೆಯ ರೂಪ ಸಿಗುತ್ತದೆ. ಪಿಡಿಎಫ್, ವರ್ಡ್, ಫೋಟೊದಂಥವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾನೇಜ್ ವರ್ಷನ್ಸ್’ ಹುಡುಕಿ. ಇವುಗಳ ಹಳೆಯ ಪ್ರತಿಗಳು 30 ದಿನ ಅಥವಾ 100 ಆವೃತ್ತಿಗಳವರೆಗೆ ಮಾತ್ರ ಉಳಿಯುತ್ತವೆ; ಬೇಕಾದ್ದಕ್ಕೆ ‘ಕೀಪ್ ಫಾರೆವರ್’ ಒತ್ತಿಡಿ.

ಫೋಟೊಗಳ ಲೆಕ್ಕ ಬೇರೆ. ಗೂಗಲ್ ಫೋಟೋಸ್‌ಗೆ ತನ್ನದೇ ಟ್ರ್ಯಾಶ್ ಇದೆ, ಬ್ಯಾಕಪ್ ಆದದ್ದು ಅಲ್ಲಿ 60 ದಿನ ಇರುತ್ತದೆ. ವಾಟ್ಸ್ಆ್ಯಪ್ ಫೋಲ್ಡರನ್ನು ನೀವಾಗಿ ಆನ್ ಮಾಡದಿದ್ದರೆ ಅದು ಬ್ಯಾಕಪ್ ಆಗಿರುವುದೇ ಇಲ್ಲ. ಖಾತೆಗೆ ಉಚಿತವಾಗಿ ಸಿಗುವ 15 ಜಿಬಿ ಜಾಗ ತುಂಬಿದ ಮೇಲೆ ಅಪ್‌ಲೋಡ್ ನಿಂತಿರುತ್ತದೆ, ಆ ದಿನದ ನಂತರದ್ದನ್ನು ಫೋನಿನಲ್ಲೇ ಹುಡುಕಬೇಕು.

ಟ್ರ್ಯಾಶ್‌ನಿಂದಲೂ ಹೋದ ಮೇಲೆ

ಕಾಲೇಜು ಅಥವಾ ಕಂಪನಿಯ ಖಾತೆಯಾದರೆ ಇನ್ನೂ ಒಂದು ಬಾಗಿಲಿದೆ: ಟ್ರ್ಯಾಶ್ ಖಾಲಿಯಾದ 25 ದಿನಗಳ ಒಳಗೆ ಅಲ್ಲಿನ ಅಡ್ಮಿನ್ ಡೇಟಾ ವಾಪಸ್ ತರಬಲ್ಲರು. ಫೈಲಿನ ಹೆಸರು, ಅಳಿಸಿದ ತಾರೀಖು ಬರೆದು ಅದೇ ದಿನ ಅವರಿಗೆ ಕಳಿಸಿ. ಸ್ವಂತ ಖಾತೆಯಾದರೆ ಅದೇ ಖಾತೆಯಲ್ಲಿ ಲಾಗಿನ್ ಆಗಿ ಗೂಗಲ್ ಡ್ರೈವ್‌ನ ಸಹಾಯ ಪುಟದ ಮೂಲಕ ಗೂಗಲ್‌ಗೇ ಮನವಿ ಸಲ್ಲಿಸಬೇಕು. ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ, ತಡವಾದಷ್ಟೂ ಕಷ್ಟ. ಗೂಗಲ್ ಸರ್ವರ್‌ನಿಂದ ತೆಗೆದುಕೊಡುತ್ತೇವೆ ಎಂದು ದುಡ್ಡು, ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವವರಿಗೆ ಏನನ್ನೂ ಕೊಡಬೇಡಿ. ಆ ಸರ್ವರ್ ಅವರ ಕೈಯಲ್ಲಿಲ್ಲ.

ಕಳೆದದ್ದು ಪಹಣಿಯಾದರೆ ಭೂಮಿ ಪೋರ್ಟಲ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಾದರೆ ಡಿಜಿಲಾಕರ್‌ನಲ್ಲಿ ಹೊಸ ಪ್ರತಿಯನ್ನೇ ಇಳಿಸಿಕೊಳ್ಳಬಹುದು. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರು ಮಾಡಿದೆ. ಹುಡುಕುವಾಗ ಹಳೆಯ ಖಾತೆಯೊಂದು ಸಿಕ್ಕಿದ್ದರೆ ಅದರಲ್ಲಿರುವುದನ್ನೆಲ್ಲ ‘ಗೂಗಲ್ ಟೇಕ್‌ಔಟ್’ ಮೂಲಕ ಇವತ್ತೇ ಇಳಿಸಿ, ಒಂದು ಹಾರ್ಡ್ ಡಿಸ್ಕಿಗೆ ಹಾಕಿಡಿ.