ವಿಜಯಪುರದ ನಡುಮಧ್ಯಾಹ್ನ ಎಷ್ಟು ಗಂಟೆಗೆ? ಮಾಳಿಗೆ ಮೇಲೆ ಅಳೆದು ನೋಡಿ

ಅಭಿಜಿತ್ ಮುಹೂರ್ತ ತಪ್ಪೀತು ಅಂತ ಗಡಿಯಾರದ ಹನ್ನೆರಡಕ್ಕೆ ಗಡಿಬಿಡಿ ಮಾಡುವವರನ್ನು ನಮ್ಮೂರಲ್ಲಿ ಬಹಳ ನೋಡಿದ್ದೇನೆ. ಆ ಮುಹೂರ್ತ ಸೂರ್ಯ ನಡು ಆಕಾಶಕ್ಕೆ ಬರುವ ಹೊತ್ತಿನ ಆಚೀಚೆ ಸುಮಾರು 24 ನಿಮಿಷ. ವಿಜಯಪುರದಲ್ಲಿ ಸೂರ್ಯ ಹನ್ನೆರಡಕ್ಕೆ ಅಲ್ಲಿಗೆ ಬರುವುದೇ ಇಲ್ಲ.

ಮೊದಲು ಲೆಕ್ಕ. 1906ರ ಜನವರಿ 1ರಿಂದ ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ವಿಜಯಪುರ ಇರುವುದು 75.7ರಲ್ಲಿ. ಅಂತರ 6.8 ಡಿಗ್ರಿ, ಡಿಗ್ರಿಗೆ 4 ನಿಮಿಷ. ಅಂದರೆ ನಮ್ಮೂರಿನ ಸ್ವಂತ ಸಮಯ 27 ನಿಮಿಷ ಹಿಂದೆ. 1656ರಲ್ಲಿ ಗೋಲಗುಂಬಜ್ ಕಟ್ಟಿದವರಿಗೆ ನಡುಮಧ್ಯಾಹ್ನ ಆದಾಗ ನಮ್ಮ ಮೊಬೈಲ್ ಇದ್ದಿದ್ದರೆ ಸುಮಾರು 12.27 ತೋರಿಸುತ್ತಿತ್ತು.

ಇನ್ನು ಅಳತೆ. ಡಿಸೆಂಬರ್ ಕೊನೆ ವಾರ ಒಳ್ಳೇದು, ಬಿಸಿಲು ನಿಚ್ಚಳ, ನೆರಳು ಉದ್ದ. ಮಾಳಿಗೆ ಮೇಲೆ ಮೂರಡಿ ಕೋಲು ನಿಲ್ಲಿಸಿ. ನೆಲಕ್ಕೆ ಒಂದು ದೊಡ್ಡ ಪರಸಿ ಕಲ್ಲು ಹಾಸಿ. ಮಾಳಿಗೆ ನೀರು ಹರಿಯಲಿ ಅಂತ ಇಳಿಜಾರು ಇಟ್ಟಿರುತ್ತಾರಲ್ವಾ, ಅದಕ್ಕೇ. ಪರಸಿ ಮೇಲೆ ಗೋಲಿ ಇಟ್ಟರೆ ಉರುಳಬಾರದು.

ಜನ ಕೆಡಿಸುವುದು ಇಲ್ಲಿಂದ ಮುಂದೆ. ನೆರಳು ಅತಿ ಗಿಡ್ಡ ಆಗುವುದನ್ನೇ ಕಾಯುತ್ತಾ ಕೂರುತ್ತಾರೆ. ಸಿಗುವುದಿಲ್ಲ. ನಡುಮಧ್ಯಾಹ್ನದ ಹತ್ತು ನಿಮಿಷ ಆಚೀಚೆ ಮೂರಡಿ ಕೋಲಿನ ನೆರಳು ಬದಲಾಗುವುದು ಎರಡೇ ಮಿಲಿಮೀಟರ್. ನೆರಳಿನ ತುದಿಯ ಮಸುಕೇ ಅದಕ್ಕಿಂತ ಜಾಸ್ತಿ ಅಗಲ. ಹಾಗಾಗಿ ನಡುವನ್ನು ಹುಡುಕಬೇಡಿ, ಎರಡು ಬದಿ ಹಿಡಿಯಿರಿ: ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ನೆರಳು ಒಂದೇ ಉದ್ದ ಇರುವ ಎರಡು ಹೊತ್ತು. ಅವೆರಡರ ಸರಿಮಧ್ಯವೇ ನಡುಮಧ್ಯಾಹ್ನ.

ಕೋಲಿನ ತುದಿಗೆ ಅಂಗೈಯಗಲದ ರಟ್ಟು ಚಾಚಿ ಕಟ್ಟಿ, ಅದಕ್ಕೆ ಕಾಳುಮೆಣಸಿನಷ್ಟು ತೂತು ಮಾಡಿ. ರಟ್ಟಿನ ನೆರಳಿನ ನಡುವೆ ದುಂಡನೆಯ ಬೆಳಕಿನ ಚುಕ್ಕೆ ಬೀಳುತ್ತದೆ. ತೂತಿನಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವ ಕಡೆ ಗುರುತು ಹಾಕಿ. ಆಮೇಲೆ ಎಳೆಯುವ ವೃತ್ತದ ಕೇಂದ್ರ ಅದೇ, ಕೋಲಿನ ಬುಡ ಅಲ್ಲ. ಹೀಗೆ ಮಾಡಿದರೆ ಕೋಲು ತುಸು ವಾಲಿದರೂ ನಡೆಯುತ್ತದೆ, ಆಮೇಲೆ ಅಲುಗಬಾರದು ಅಷ್ಟೆ. ಬೆಳಿಗ್ಗೆ 10.40ರ ಸುಮಾರಿಗೆ ಚುಕ್ಕೆಯ ನಡುವಿಗೆ ಪೆನ್ಸಿಲ್ ಗುರುತು ಹಾಕಿ, ನಿಮಿಷ ಬರೆದುಕೊಳ್ಳಿ. ಕೇಂದ್ರದಿಂದ ಅಲ್ಲಿಗೆ ದಾರ ಹಿಡಿದು ವೃತ್ತ ಎಳೆಯಿರಿ. ಚುಕ್ಕೆ ವೃತ್ತದ ಒಳಗೆ ಹೋಗುತ್ತದೆ. ಊಟ ಮುಗಿಸಿ ಬನ್ನಿ. ಮಧ್ಯಾಹ್ನ ಗಡಿಯಾರದಲ್ಲಿ ಎರಡು ದಾಟಿದ ಮೇಲೆ ಚುಕ್ಕೆ ಮತ್ತೆ ವೃತ್ತ ಮುಟ್ಟುವ ನಿಮಿಷ ಬರೆಯಿರಿ. ಕ್ರಿಸ್‌ಮಸ್ ದಿನ ನನಗೆ ಸಿಕ್ಕಿದ್ದು 10.40 ಮತ್ತು 2.14. ಎರಡರ ಸರಿಮಧ್ಯ 12.27.

ಮೊಬೈಲ್ ಸಮಯವನ್ನೇ ಬಳಸಿ. ಗೋಡೆ ಗಡಿಯಾರ ಐದು ನಿಮಿಷ ಮುಂದೆ ಇಡುವ ಮನೆಗಳೇ ಜಾಸ್ತಿ. ಆನ್‌ಲೈನ್‌ನಲ್ಲಿ ಸಿಗುವ ಹಿತ್ತಾಳೆ ಸನ್‌ಡಯಲ್ ಸುಮ್ನೆ ದುಡ್ಡು ದಂಡ. ಅದರಲ್ಲಿ ನೆರಳು ಬೀಳಿಸುವ ಮುಳ್ಳಿನ ಕೋನ ನಮ್ಮೂರಿಗೆ 17 ಡಿಗ್ರಿ ಇರಬೇಕು, ನಾನು ನೋಡಿದವೆಲ್ಲ ಅದಕ್ಕಿಂತ ಕಡಿದಾಗಿದ್ದವು.

ಬೇರೆ ತಿಂಗಳಲ್ಲಿ ಅಳೆದು 12.27 ಬರಲಿಲ್ಲ ಅಂತ ಗಾಬರಿ ಬೇಡ. ಭೂಮಿಯ ಓರೆ ಅಕ್ಷ ಮತ್ತು ಉದ್ದುರುಟಾದ ಕಕ್ಷೆಯಿಂದಾಗಿ ಫೆಬ್ರವರಿ ನಡುವಿನಲ್ಲಿ ಅದು 12.41ಕ್ಕೆ ಹೋಗುತ್ತದೆ, ನವೆಂಬರ್ ಮೊದಲಿಗೆ 12.11ಕ್ಕೆ ಬರುತ್ತದೆ.