ಸರಕಿಗೆ ಹೆಸರಿಡುವವರು ತಿಳಿದಿರಬೇಕಾದ ಪರಿಭಾಷೆ

ಹೆಸರು ಹುಡುಕುವ ಮೊದಲು ಅದು ಯಾವ ಬಗೆಯದಾಗಿರಬೇಕೆಂದು ನಿರ್ಧರಿಸಿಕೊಳ್ಳಿ. ‘ಶುದ್ಧ ಫಿಲ್ಟರ್ ಕಾಫಿ’ಯಂತೆ ಸರಕಿನ ಗುಣವನ್ನೇ ಹೇಳುವುದು ವರ್ಣನಾತ್ಮಕ ಹೆಸರು, ಗ್ರಾಹಕರಿಗೆ ಥಟ್ಟನೆ ಅರ್ಥವಾಗುವುದರಿಂದ ವ್ಯಾಪಾರಿಗಳಿಗೆ ಇದರ ಮೇಲೆ ಮೋಹ ಹೆಚ್ಚು, ಆದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಬಳಕೆಯಿಂದ ವಿಶಿಷ್ಟತೆ ಗಳಿಸದ, ಅಂದರೆ ಹೆಸರು ಕೇಳಿದೊಡನೆ ಜನ ನಿಮ್ಮ ಸರಕನ್ನೇ ಗುರುತಿಸುವಂತಾಗದ ಹೊರತು ಇಂಥವಕ್ಕೆ ನೋಂದಣಿ ದೊರೆಯುವುದಿಲ್ಲ. ಸರಕು ಬರುವ ಊರನ್ನಷ್ಟೇ ಸೂಚಿಸುವ ಹೆಸರಿಗೂ ಇದೇ ತೊಡಕು. ಗುಣವನ್ನು ನೇರವಾಗಿ ಹೇಳದೆ ನೆನಪಿಗೆ ತರುವುದು ಸೂಚಕ ಹೆಸರು: ಕೆಎಂಎಫ್ ಹಾಲಿನ ‘ನಂದಿನಿ’ ಹಸುವನ್ನು ನೆನಪಿಸುತ್ತದೆ. ಮಾವಳ್ಳಿ ಟಿಫಿನ್ ರೂಮ್ಸ್ ‘ಎಂಟಿಆರ್’ ಆದದ್ದು ಸಂಕ್ಷಿಪ್ತ ಹೆಸರು. ಹೊಸಬರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ, ಏಕೆಂದರೆ ಪರಿಚಯವಿಲ್ಲದ ಅಕ್ಷರಗಳು ಯಾರಿಗೂ ಏನನ್ನೂ ಹೇಳುವುದಿಲ್ಲ. ಆಯ್ದ ಹೆಸರನ್ನು ಟ್ರೇಡ್ ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಸರಕಿನ ವರ್ಗದಡಿ, ಕಾಫಿಪುಡಿಯಾದರೆ 30ನೇ ವರ್ಗದಲ್ಲಿ, ಅಂಥದೇ ಹೆಸರು ಈಗಾಗಲೇ ಬೇರೆಯವರದಾಗಿದೆಯೇ ಎಂದು ಕಾಗುಣಿತದಿಂದಲೂ ಉಚ್ಚಾರಣೆಯಿಂದಲೂ ಹುಡುಕಿ ನೋಡಿ.